ಮಾತು ಬಿಟ್ಟವನ ಮುನ್ನೂರರ ಲೆನ್ಸು

ಫೆಬ್ರುವರಿ 6, ಸೋಮವಾರ

ಮಾತಾಡುವ ಹಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಾಯಿ ಸುಮ್ಮನಿದ್ದರೂ ತಲೆ ಸುಮ್ಮನಿರುವುದಿಲ್ಲವಲ್ಲ.

ತರಕಾರಿ ಮಂಡಿಯಲ್ಲಿ ಹರಾಜು ಕೂಗುವುದು ನನ್ನ ಕೆಲಸ. ಮೈಕಿಲ್ಲದೆಯೇ ಅಕ್ಕಪಕ್ಕದ ಶೆಡ್ಡುಗಳಿಗೂ ಕೇಳಿಸುತ್ತೇನೆಂದು ಮಂಡಿಯವರು ನನಗೆ ಇಟ್ಟ ಹೆಸರು 'ಮೈಕು'. ಆ ಮೈಕು ಹೋದ ತಿಂಗಳು ಈರುಳ್ಳಿ ಹರಾಜಿನ ನಡುವೆ ಕರಕರ ಎಂದು ನಿಂತುಹೋಯಿತು. ಗಂಟಲಿನ ಧ್ವನಿ ತಂತುವಿನ ಮೇಲೆ ಗಂಟು ಬೆಳೆದಿತ್ತಂತೆ. ಶುಕ್ರವಾರ ತೆಗೆದರು. ಡಾಕ್ಟರಮ್ಮ ಹೇಳಿದ್ದು ಇಷ್ಟು: "ಎರಡು ವಾರ ಒಂದಕ್ಷರ ಮಾತಾಡಬಾರದು. ಪಿಸುಮಾತೂ ಬೇಡ, ಅದು ಕೂಗೋದಕ್ಕಿಂತ ಕೆಟ್ಟದ್ದು. ಆಮೇಲೆ ಧ್ವನಿ ಹೇಗೆ ಬರುತ್ತೋ ನೋಡೋಣ."

ಆ "ಹೇಗೆ ಬರುತ್ತೋ" ಎಂಬುದನ್ನೇ ಅಂದಿನಿಂದ ಅಗಿಯುತ್ತಿದ್ದೇನೆ. ನುಂಗಲು ಆಗುತ್ತಿಲ್ಲ. ನನಗೆ ಕೂಗುವುದು ಬಿಟ್ಟು ಬೇರೆ ಕಸುಬು ಗೊತ್ತಿಲ್ಲ.

ಮನೆಯಲ್ಲಿರುವವರು ನಾನು, ಹೆಂಡತಿ ಮತ್ತು ಅವಳ ತಾಯಿ. ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ, ಗುರುವಾರ ಓವರ್‌ಟೈಮೂ ಇರುತ್ತದೆ. ಅತ್ತೆಗೆ ಕಿವಿ ಮಂದ. ಅವರಿಗೆ ಕೇಳುವ ಹಾಗೆ ಮಾತಾಡುವವನು ನಾನೊಬ್ಬನೇ ಎಂಬ ಹೆಮ್ಮೆ ನನಗಿತ್ತು. ಇವತ್ತು ಸ್ಲೇಟಿನ ಮೇಲೆ "ಕಾಫಿ ಬೇಕು" ಎಂದು ಬರೆದು ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ಓದಿ, "ಅಕ್ಷರ ದುಂಡಗಿದೆ, ಅಳಿಯಂದಿರೇ. ಇಷ್ಟು ವರ್ಷ ಯಾಕೆ ಕಿರುಚ್ತಿದ್ರಿ?" ಎಂದರು.

ಫೆಬ್ರುವರಿ 8, ಬುಧವಾರ

ಬೀರು ಜೋಡಿಸುವಾಗ ಹೆಂಡತಿಯ ತಮ್ಮ ಬಿಟ್ಟುಹೋದ ಹಳೇ ಕ್ಯಾಮರಾ ಸಿಕ್ಕಿತು. ಚಾರ್ಜಿಗೆ ಹಾಕಿದರೆ ಕಣ್ಣು ಬಿಟ್ಟಿತು. ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಹಕ್ಕಿಯೊಂದು ಕುಳಿತಿತ್ತು. ಹೊಟ್ಟೆ ಬೆಳ್ಳಗೆ, ಬಾಲ ಕತ್ತರಿಯ ಹಾಗೆ. ಕ್ಲಿಕ್ಕಿಸಿದೆ. ಫೋಟೋದಲ್ಲಿ ಟ್ಯಾಂಕು ಭರ್ಜರಿಯಾಗಿ ಬಂದಿತ್ತು, ತುಕ್ಕು ಸಮೇತ. ಹಕ್ಕಿ ಸಾಸಿವೆ ಕಾಳಿನಷ್ಟಿತ್ತು. ಅದರ ಮೇಲೆ ಬೆರಳಿಟ್ಟು ಒರೆಸಿದೆ, ಕೊಳೆ ಇರಬಹುದೆಂದು.

ಇದಕ್ಕೆ ಉದ್ದನೆಯ ಲೆನ್ಸು ಬೇಕಂತೆ. ಹಕ್ಕಿಯ ಫೋಟೋ ತೆಗೆಯಲು ಬಾಯಿ ಮುಚ್ಚಿಕೊಂಡಿರಬೇಕು. ನನ್ನ ಬಾಯಿ ಹೇಗೂ ಮುಚ್ಚಿದೆ. ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಕ್ಕೀತೆ?

ಸಂಜೆ ಇವಳು ಲ್ಯಾಬಿನ ಏನೋ ವಿಷಯ ಹೇಳುತ್ತಿದ್ದಳು. ಹೊಸ ಯಂತ್ರವೋ, ಹೊಸ ಮೇಲ್ವಿಚಾರಕರೋ. ನನ್ನ ತಲೆಯೆಲ್ಲ ಲೆನ್ಸು.

ಫೆಬ್ರುವರಿ 11, ಶನಿವಾರ

ಬೆಳಿಗ್ಗೆ ಕೆರೆಗೆ ಹೋದೆ. ಮನೆಯಲ್ಲಿ ಬೇಜಾರೆಂದು ಅತ್ತೆಯೂ ಹೊರಟರು. ಅವರನ್ನು ಬೆಂಚಿನ ಮೇಲೆ ಕೂರಿಸಿ ದಡದುದ್ದಕ್ಕೂ ಓಡಾಡಿದೆ. ನೀರಿನಲ್ಲಿ ಗುಳುಮುಳುಕ ಎಂಬ ಪುಟ್ಟ ಹಕ್ಕಿಯಿದೆ, ಬಾತಿನ ಮರಿಯ ಹಾಗೆ. ನಾನು ಕ್ಯಾಮರಾ ಎತ್ತಿದರೆ ಗುಳುಂ. ಇಳಿಸಿದರೆ ಮೇಲೆ. ನಾನು ಆ ಕಡೆ ಓಡಿದರೆ ಅದು ಈ ಕಡೆ ಏಳುತ್ತದೆ. ಹರಾಜಿನಲ್ಲಿ ದರ ಏರಿಸುವ ಹಾಗೆ ಮಾಡಿ ಕೊನೆಗೆ ಕೈಬಿಡುವ ವ್ಯಾಪಾರಿಗಳಿರುತ್ತಾರೆ, ಥೇಟ್ ಅದೇ ಬುದ್ಧಿ.

ಅಲ್ಲಿ ಒಬ್ಬರ ಪರಿಚಯವಾಯಿತು. ಎಲೆ ಚಿತ್ರದ ಬಟ್ಟೆ ಸುತ್ತಿದ ಭಾರೀ ಲೆನ್ಸನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ ಕೆರೆಗೆ ಗುರಿಯಿಟ್ಟಿದ್ದರು. ಮನಸ್ಸಿನಲ್ಲೇ ಅವರಿಗೆ 'ಫಿರಂಗಿ' ಎಂದು ಹೆಸರಿಟ್ಟೆ. ನನ್ನ ಕ್ಯಾಮರಾ ನೋಡಿ ಕನಿಕರಪಟ್ಟರು.

"ಇದ್ರಲ್ಲಿ ಮದುವೆ ಫೋಟೋ ತೆಗೀಬಹುದು, ಹಕ್ಕಿ ಆಗಲ್ಲ. ಆರುನೂರರ ಲೆನ್ಸು ತಗೊಳ್ಳಿ. ಮುನ್ನೂರು ತಗೊಂಡು ಬರೋದಕ್ಕಿಂತ ಮನೇಲಿ ಕೂತು ಟಿವಿ ನೋಡೋದು ವಾಸಿ."

ನಾನು ತಲೆಯಾಡಿಸಿದೆ. ಅವರಿಗೆ ಅಷ್ಟೇ ಸಾಕಾಯಿತು. ಬಿಸಿಲೇರುವವರೆಗೂ ತಮ್ಮ ಲೆನ್ಸಿನ ಕಥೆ, ಅದರ ಹಿಂದಿನ ಲೆನ್ಸಿನ ಕಥೆ, ತಮ್ಮ ಬೆನ್ನುನೋವಿನ ಕಥೆ. ನಡುವೆ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆಂದು ಹುಡುಕಿದೆ, ಸಿಗಲಿಲ್ಲ. ಇಷ್ಟು ಮಾತಾಡುವ ಮನುಷ್ಯನನ್ನು ನಾನು ನೋಡಿಲ್ಲ. ಪಾಪ, ಹೆಂಡತಿ ಹೇಗೆ ಸಹಿಸುತ್ತಾಳೋ.

ಫೆಬ್ರುವರಿ 12, ಭಾನುವಾರ

ಇಡೀ ದಿನ ಮೊಬೈಲಿನಲ್ಲಿ ಲೆನ್ಸಿನ ಅಧ್ಯಯನ. ತಿಳಿದದ್ದು: ಲೆನ್ಸಿನ ಮಿಲಿಮೀಟರು ನಂಬರು ದೊಡ್ಡದಾದಷ್ಟೂ ಹಕ್ಕಿ ಹತ್ತಿರ, ತೂಕ ಜಾಸ್ತಿ, ಬೆಲೆ ಕೈಗೆಟುಕದಷ್ಟು ಎತ್ತರ. ಒಳಗೆ ಹೆಚ್ಚು ಬೆಳಕು ಬಿಡುವ ಲೆನ್ಸಾದರೆ ಮನೆ ಮಾರಬೇಕು. ಕಡಿಮೆ ಬೆಳಕು ಬಿಡುವುದಾದರೆ ಕೈ ನಡುಗಿದರೂ ಫೋಟೋ ಕಲಸಿಹೋಗುತ್ತದೆ. ಅದಕ್ಕೆ ನಡುಕ ತಡೆಯುವ ವ್ಯವಸ್ಥೆ ಇರುವುದನ್ನು ಕೊಳ್ಳಬೇಕು. ಅದಕ್ಕೂ ಬೇರೆ ದುಡ್ಡು.

ಸ್ಲೇಟಿನ ಮೇಲೆ "ಆರುನೂರು" ಎಂದು ಬರೆದು ಇವಳಿಗೆ ತೋರಿಸಿದೆ. "ಏನು ಆರುನೂರು?" ಎಂದಳು. "ಲೆನ್ಸು" ಎಂದು ಬರೆದೆ. "ಆರುನೂರು ರೂಪಾಯಾ? ತಗೊಳ್ಳಿ" ಎಂದಳು. ಬಳಪ ಸವೆಯುವವರೆಗೂ ವಿವರಿಸಿದೆ. ಕಡೆಗೆ ಮನೆಯ ಉಳಿತಾಯದಿಂದ ಇಷ್ಟು ಕೊಡಬಹುದು, ಅದರ ಮೇಲೆ ಒಂದು ಪೈಸೆಯೂ ಇಲ್ಲ ಎಂದಳು. ಹೊಸ ಆರುನೂರಕ್ಕೆ ಸಾಲದು. ಹಳೆಯದು ಸಿಕ್ಕರೆ ಸಾಲಬಹುದು.

ಫೆಬ್ರುವರಿ 15, ಬುಧವಾರ

ಸೆಕೆಂಡ್ ಹ್ಯಾಂಡ್ ಕ್ಯಾಮರಾ ಅಂಗಡಿಗೆ ಹೋದೆ. ಮಹಡಿ ಮೆಟ್ಟಿಲ ಕೆಳಗಿನ ಗೂಡು. ಅಂಗಡಿಯವರು ಎದ್ದರೆ ಗಿರಾಕಿ ಹೊರಗೆ ಹೋಗಬೇಕು, ಅಷ್ಟೇ ಜಾಗ.

ಮೊದಲು ಅಗ್ಗದ ಐನೂರರ ಲೆನ್ಸು ಕೊಟ್ಟರು. ಒಳಗೆ ಕನ್ನಡಿ ಇರುವ ಜಾತಿ, ಗಿಡ್ಡ ಡಬ್ಬಿಯ ಹಾಗಿದೆ. ಬೀದಿಯಾಚೆಯ ಬೋರ್ಡಿನ ಮೇಲೆ ಕುಳಿತ ಪಾರಿವಾಳಕ್ಕೆ ಹಿಡಿದೆ. ಹಿಂದಿನ ಬೆಳಕೆಲ್ಲ ಉಂಗುರ ಉಂಗುರವಾಗಿ, ಪಾರಿವಾಳ ಬಳೆ ಅಂಗಡಿ ಇಟ್ಟಂತೆ ಬಂತು. ಮೇಲಾಗಿ ಅದನ್ನು ಕೈಯಲ್ಲೇ ತಿರುಗಿಸಿ ಸ್ಪಷ್ಟ ಮಾಡಬೇಕು. ಅಷ್ಟರಲ್ಲಿ ಗುಳುಮುಳುಕ ಮೊಮ್ಮಕ್ಕಳನ್ನು ಕಂಡಿರುತ್ತದೆ.

ಆಮೇಲೆ ಹಳೆಯ ನಾನೂರು. ಟಾರ್ಚು ಬಿಟ್ಟು ನೋಡಿದರೆ ಗಾಜಿನೊಳಗೆ ಜೇಡರ ಬಲೆಯಂಥ ಬೂಷ್ಟು. ಅಂಗಡಿಯವರು, "ಅದು ಫೋಟೋದಲ್ಲಿ ಕಾಣಲ್ಲ, ಸಾರ್" ಎಂದರು. ಕೊಳೆತ ಟೊಮೆಟೊ ಕ್ರೇಟಿನ ಬಗ್ಗೆ ನಾನೂ ಇದೇ ದನಿಯಲ್ಲಿ ಹೇಳಿದ್ದೇನೆ. ಪಕ್ಕಕ್ಕಿಟ್ಟೆ.

ಉಳಿದದ್ದು ಎರಡು. ಒಂದು ಆರುನೂರು: ಕೈಗೆತ್ತಿಕೊಂಡರೆ ಕೂಸನ್ನು ಎತ್ತಿಕೊಂಡ ಹಾಗೆ, ಪಾರಿವಾಳದ ಕಣ್ಣಿನ ಕೆಂಪೂ ಕಾಣುತ್ತದೆ. ಇನ್ನೊಂದು ಮುನ್ನೂರು: ಹಗುರ, ನಡುಕ ತಡೆಯುತ್ತದೆ, ಆದರೆ ಕೆಳಗೆ ಬಾಗಿಸಿದರೆ ಮೂಗು ತಾನೇ ಉದ್ದವಾಗಿ ಜಾರುತ್ತದೆ. ಇವಳು ಹೇಳಿದ ಮಿತಿಗೆ ಆರುನೂರು ಹೇಗೋ ತಲುಪುತ್ತದೆ. "ಸೋಮವಾರ ಬರ್ತೀನಿ" ಎಂದು ಬರೆದು ತೋರಿಸಿ ಬಂದೆ. ಸೋಮವಾರ ಧ್ವನಿ ಬಂದರೆ ಚೌಕಾಸಿಯನ್ನು ಬಾಯಿಂದಲೇ ಮಾಡಬಹುದು.

ಫೆಬ್ರುವರಿ 20, ಸೋಮವಾರ

ಧ್ವನಿ ಬರಲಿಲ್ಲ. ಬರಲು ಬಿಡಲಿಲ್ಲ ಎನ್ನಬೇಕು. ಗಾಯ ಮಾಗಿಲ್ಲವೆಂದು ಡಾಕ್ಟರಮ್ಮ, "ಮಾತಾಡಿದ್ರಾ?" ಎಂದು ಕೇಳಿದರು. ನಾನು ಎದೆ ಮುಟ್ಟಿ ಇಲ್ಲವೆಂದೆ. ಆಗ ಇವಳು ಬಾಯಿ ಬಿಟ್ಟಳು.

"ಎಚ್ಚರ ಇರೋವಾಗ ಇಲ್ಲ, ಡಾಕ್ಟ್ರೇ. ನಿದ್ದೇಲಿ ಟೊಮೆಟೊ ಹರಾಜು ಹಾಕ್ತಾರೆ. ಒಂದು ಸಾರಿ, ಎರಡು ಸಾರಿ ಅಂತಾರೆ, ಮೂರನೇ ಸಾರಿ ಹೇಳೋದೇ ಇಲ್ಲ. ನಾನು ಕಾಯ್ತಾ ಕೂತಿರ್ತೀನಿ."

ಡಾಕ್ಟರಮ್ಮ ನಗು ತಡೆಯಲು ನನ್ನ ಚೀಟಿಯನ್ನು ಮುಖಕ್ಕೆ ಹಿಡಿದುಕೊಂಡರು. ಮತ್ತೆ ಮೂರು ವಾರ. ಬಾಯಿಲ್ಲದೆ ಚೌಕಾಸಿ ಹೇಗೆಂದು ಲೆನ್ಸಿನ ಅಂಗಡಿಗೂ ಹೋಗಲಿಲ್ಲ.

ಫೆಬ್ರುವರಿ 23, ಗುರುವಾರ

ಬರೆಯಲು ನಾಚಿಕೆಯಾಗುತ್ತದೆ.

ಮಂಡಿ ಹೇಗೆ ನಡೆದಿದೆ ನೋಡೋಣವೆಂದು ಹೋದೆ. ನಾನಿಲ್ಲದೆ ಬಿಕೋ ಎನ್ನುತ್ತಿರಬಹುದು ಎಂದುಕೊಂಡಿದ್ದೆ. ಎಂದಿನಂತೆ ಗಿಜಿಗಿಜಿ. ನನ್ನ ಜಾಗದಲ್ಲಿ ತೂಕದ ಕಟ್ಟೆಯ ಗುಮಾಸ್ತೆ ನಿಂತಿದ್ದಳು, ಕಾಲರಿಗೆ ಚಿಕ್ಕ ಮೈಕು ಸಿಕ್ಕಿಸಿಕೊಂಡು. ಕೂಗುವುದೇ ಇಲ್ಲ. ಪಕ್ಕದ ಮನೆಯವರೊಡನೆ ಮಾತಾಡುವ ಹಾಗೆ ದರ ಹೇಳುತ್ತಾಳೆ, ವ್ಯಾಪಾರಿಗಳು ಕಿವಿಗೊಟ್ಟು ಕೇಳುತ್ತಾರೆ. ಹೊಟ್ಟೆ ಉರಿಯಿತು. ಆದರೂ ಕುಂಬಳಕಾಯಿ ಲೋಡಿಗೆ ಅವಳು ದರ ಏರಿಸಿದ ರೀತಿ ನೋಡಿ, ಪರವಾಗಿಲ್ಲವೇ ಈ ಹುಡುಗಿ ಎಂದು ಮೆಚ್ಚಿ ತಲೆಯಾಡಿಸಿದೆ.

"ಮೂರು ಸಾರಿ. ಮೈಕಣ್ಣಂಗೆ" ಎಂದಳು.

ಇಲ್ಲವೆಂದು ಹೇಳಲು ಬಾಯಿಲ್ಲ. ಸ್ಲೇಟು ಮನೆಯಲ್ಲಿ. ಎರಡೂ ಕೈ ಎತ್ತಿ ಬೀಸಿದೆ. ಖುಷಿಗೆ ಕೈ ಬೀಸುತ್ತಿದ್ದೇನೆಂದು ಜನ ಚಪ್ಪಾಳೆ ತಟ್ಟಿದರು. ಮಂಡಿ ಯಜಮಾನರ ಬಳಿ ಓಡಿದೆ. ಅವರು ಕಣ್ಣೀರು ಬರುವಷ್ಟು ನಕ್ಕು, ಗೋಡೆಯತ್ತ ಬೆರಳು ತೋರಿಸಿದರು. "ತಲೆಯಾಡಿಸಿದರೆ ಮಾತು ಕೊಟ್ಟ ಹಾಗೆ" ಎಂದು ಅಲ್ಲಿ ಬರೆದಿದೆ. ಬರೆಸಿದವನು ನಾನೇ.

ಫೆಬ್ರುವರಿ 24, ಶುಕ್ರವಾರ

ಕುಂಬಳಕಾಯಿಯನ್ನು ಚಿಲ್ಲರೆ ವ್ಯಾಪಾರಿಗಳಿಗೆ ನಷ್ಟಕ್ಕೆ ದಾಟಿಸಿದೆ. ಒಂದು ಮೂಟೆ ಯಾರಿಗೂ ಬೇಡವಾಗಿ ಮನೆಗೆ ಬಂತು. ಆರುನೂರರ ಲೆನ್ಸು ಕುಂಬಳಕಾಯಿಯಾಗಿ ಹೋಯಿತು.

ಇವಳು ಬೈಯಲಿಲ್ಲ. ಮೂಟೆಯ ಪಕ್ಕ ನೆಲದ ಮೇಲೆ ಕುಳಿತು ನಗತೊಡಗಿದಳು. ನಿಲ್ಲಿಸಿ, ನನ್ನ ಮುಖ ನೋಡಿ, ಮತ್ತೆ ನಕ್ಕಳು. ಅವಳು ನಗುವಾಗ ಮೊದಲು ಶಬ್ದವೇ ಬರುವುದಿಲ್ಲ, ಭುಜ ಮಾತ್ರ ಕುಣಿಯುತ್ತದೆ. ಮೊದಲಿಂದಲೂ ಹೀಗೆಯೋ, ಈಚೆಗೆ ಶುರುವಾದದ್ದೋ.

ಫೆಬ್ರುವರಿ 26, ಭಾನುವಾರ

ಕುಂಬಳಕಾಯಿ.

ಮಾರ್ಚ್ 2, ಗುರುವಾರ

ಲೆನ್ಸು ಕೊಂಡೆ. ಹೇಗೆ ಕೊಂಡೆನೆಂಬುದು ನನಗೇ ಪೂರ್ತಿ ಅರ್ಥವಾಗಿಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಕುಂಬಳಕಾಯಿಯ ನಷ್ಟ ಕಳೆದು ಉಳಿದ ದುಡ್ಡು ಹಿಡಿದು ಅಂಗಡಿಗೆ ಹೋಗಿ, ಆ ಮುನ್ನೂರನ್ನು ಮತ್ತೆ ಕೇಳಿ ತೆಗೆಸಿದೆ. ಕ್ಯಾಮರಾಕ್ಕೆ ಹಾಕಿ, ಬೀದಿಯ ಪಾರಿವಾಳಗಳನ್ನು ತೆಗೆದು, ಬಾಗಿಲ ಬೆಳಕಿನಲ್ಲಿ ದೊಡ್ಡದು ಮಾಡಿ ನೋಡಿದೆ. ಗರಿ ಗರಿಯೂ ಬೇರೆ ಬೇರೆ ಕಾಣುತ್ತಿತ್ತು. ಅಂಗಡಿಯವರು ದರ ಹೇಳಿದರು. ನನ್ನ ಕೈಯಲ್ಲಿರುವುದಕ್ಕಿಂತ ಜಾಸ್ತಿ. ಸ್ಲೇಟು ತೆಗೆದೆ. ಬಳಪ ಜೇಬಿನಲ್ಲಿಲ್ಲ. ಈ ಜೇಬು, ಆ ಜೇಬು ಹುಡುಕತೊಡಗಿದೆ.

"ಸರಿ ಸಾರ್, ನಿಮಗೆ ಅಂತ ಸ್ವಲ್ಪ ಕಮ್ಮಿ ಮಾಡ್ತೀನಿ" ಎಂದು ಇನ್ನೊಂದು ದರ ಹೇಳಿದರು.

ಬಳಪ ಚೀಲದ ತಳದಲ್ಲಿರಬಹುದೆಂದು ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಕೈ ತೂರಿಸಿದೆ.

"ಹೊರಡ್ಬೇಡಿ ಸಾರ್. ಆ ಮೂಗು ಜಾರೋ ವಿಷಯ ತಾನೇ ನಿಮ್ಮ ಮನಸ್ಸಲ್ಲಿರೋದು? ಮುಚ್ಚಿಡೋದೇನಿದೆ." ಮತ್ತಷ್ಟು ಇಳಿಸಿದರು.

ಮುರಿದ ಚೂರೊಂದು ಬೆರಳಿಗೆ ಸಿಕ್ಕಿತು. ಅಷ್ಟು ಚಿಕ್ಕದರಲ್ಲಿ ಬರೆಯುವುದು ಹೇಗೆಂದು ಅದನ್ನೇ ನೋಡುತ್ತ ನಿಟ್ಟುಸಿರು ಬಿಟ್ಟೆ.

"ಅಯ್ಯೋ, ಇದು ಕೊನೇ ಮಾತು ಸಾರ್. ಮೂಗು ಜಾರದ ಹಾಗೆ ರಬ್ಬರ್ ಪಟ್ಟಿ ನಾನೇ ಹಾಕಿ ಕೊಡ್ತೀನಿ. ಲೆನ್ಸಿನ ಮುಂದೆ ಹಾಕೋ ಬಿಸಿಲುಮರೆನೂ ಸೇರಿಸ್ತೀನಿ. ನಿಮ್ಮಂಥ ಗಟ್ಟಿ ಗಿರಾಕಿನ ನಾನು ನೋಡೇ ಇಲ್ಲ."

ಬಾಯಿ ತೆರೆಯದೆ ಮೂರು ಸಾರಿ ದರ ಇಳಿಯಿತು. ಬಾಯಿ ಇದ್ದಿದ್ದರೆ ನಾನು ಮೊದಲನೆಯದಕ್ಕೇ ಒಂದು ಗಂಟೆ ವಾದ ಮಾಡಿ, ಗೆದ್ದೆನೆಂದುಕೊಂಡು ಕೊಡುತ್ತಿದ್ದೆ.

ಮಾರ್ಚ್ 4, ಶನಿವಾರ

ಮುನ್ನೂರನ್ನು ನೋಡಿ ಫಿರಂಗಿ ಮಾತೇ ಆಡಲಿಲ್ಲ. ಅದೇ ಒಂದು ಲಾಭ.

ಗುಳುಮುಳುಕದ ಹಿಂದೆ ಮತ್ತೆ ಓಡಿದೆ. ಅದು ಮುಳುಗಿದ ಜಾಗದ ನೀರಿನ ಉಂಗುರದ ಫೋಟೋಗಳು ಬಹಳ ಚೆನ್ನಾಗಿ ಬಂದವು. ಅತ್ತೆ ಬೆಂಚಿನಿಂದ ನೋಡಿ ನೋಡಿ ಸಾಕಾಗಿ ಕರೆದರು.

"ಅಳಿಯಂದಿರೇ, ಓಡಾಡ್ಬೇಡಿ. ಬಂದು ಕೂತ್ಕೊಳ್ಳಿ. ನಾನು ಇಲ್ಲಿಂದ ನೋಡ್ತಾನೇ ಇದ್ದೀನಲ್ಲ, ನೀವು ಆ ಕಡೆ ಹೋದಾಗೆಲ್ಲ ಅದು ಇಲ್ಲೇ ನನ್ನ ಕಾಲ ಹತ್ರ ಬರುತ್ತೆ."

ಕುಳಿತೆ. ಇಬ್ಬರೂ ಸುಮ್ಮನೆ. ಅವರಿಗೆ ಕೇಳುವುದಿಲ್ಲ, ನಾನು ಹೇಳುವ ಹಾಗಿಲ್ಲ, ಅಳಿಯ ಅತ್ತೆಗೆ ಇದಕ್ಕಿಂತ ಚಂದದ ಜೋಡಿಯಿಲ್ಲ. ಸ್ವಲ್ಪ ಹೊತ್ತಿಗೆ ಜೊಂಡಿನ ಪಕ್ಕದಲ್ಲೇ ಗುಳುಮುಳುಕ ಎದ್ದಿತು, ಬೆನ್ನ ಮೇಲೆ ಮರಿ. ಮರಿಯ ತಲೆಯ ಮೇಲೆ ಪಟ್ಟೆ ಪಟ್ಟೆ. ಮುನ್ನೂರು ಸಾಕಾಗಿ ಉಳಿಯಿತು. ಅತ್ತೆಗೆ ಫೋಟೋ ತೋರಿಸಿದೆ. "ನಿಮ್ಮ ಹೆಂಡ್ತಿನೂ ಹೀಗೇ, ನನ್ನ ಬೆನ್ನು ಬಿಟ್ಟು ಇಳೀತಿರ್ಲಿಲ್ಲ. ನೀರು ಕಂಡ್ರೆ ಪ್ರಾಣ ಹೋಗೋಷ್ಟು ಭಯ" ಎಂದರು. ಇಷ್ಟು ವರ್ಷದಲ್ಲಿ ನನಗೆ ಇದು ತಿಳಿದೇ ಇರಲಿಲ್ಲ.

ಮಾರ್ಚ್ 8, ಬುಧವಾರ

ಸಂಜೆ ಅಡುಗೆಮನೆಯಲ್ಲಿ ಕುಂಬಳಕಾಯಿ ಹೆಚ್ಚಿಕೊಡುತ್ತಿದ್ದೆ. ಕೊನೆಯದು. ಇವಳು ಲ್ಯಾಬಿನ ಹೊಸ ಯಂತ್ರದ ಕಥೆ ಹೇಳಿದಳು. ಆ ಯಂತ್ರ ಬೆಳಿಗ್ಗೆ ಒಬ್ಬ ಕುಸ್ತಿಪಟುವಿನಂಥ ಗಂಡಸಿಗೆ ಗರ್ಭ ನಿಂತಿದೆ ಎಂದು ವರದಿ ಕೊಟ್ಟಿತಂತೆ. ಮೇಲ್ವಿಚಾರಕರು, ಕಂಪ್ಯೂಟರು ಹೇಳಿದ ಮೇಲೆ ಮುಗಿಯಿತು ಎಂದು ಸಹಿ ಹಾಕಲು ಹೊರಟರಂತೆ. ಇವಳು, "ಸಹಿ ಹಾಕಿ ಸಾರ್, ಆದ್ರೆ ವರದಿನ ನೀವೇ ಹೋಗಿ ಅವರ ಕೈಗೆ ಕೊಡಿ" ಎಂದಳಂತೆ. ಆಗ ಲೇಬಲ್ಲು ಅದಲುಬದಲಾದದ್ದು ಗೊತ್ತಾಯಿತಂತೆ.

ನಾನು ಶಬ್ದವಿಲ್ಲದೆ ನಕ್ಕು ನಕ್ಕು ಕಣ್ಣೊರೆಸಿಕೊಂಡೆ. ಮೇಲ್ವಿಚಾರಕರ ನಡಿಗೆಯನ್ನು ಅವಳು ಮಾಡಿ ತೋರಿಸುವ ರೀತಿ ಬಲು ಚೆನ್ನ. ಇನ್ನೂ ಒಂದು ಕುಂಬಳಕಾಯಿ ಇದ್ದರೆ ಚೆನ್ನಾಗಿತ್ತು.

ಮಾರ್ಚ್ 13, ಸೋಮವಾರ

ಡಾಕ್ಟರಮ್ಮ "ಆ ಅನ್ನಿ" ಎಂದರು. ಅಂದೆ.

ಬಂತು. ಆದರೆ ನನ್ನದಲ್ಲ. ಯಾರೋ ಒಳಕೋಣೆಯಿಂದ ಮಾತಾಡಿದ ಹಾಗೆ, ತಗ್ಗಿದ, ಸ್ವಲ್ಪ ಒರಟು ಧ್ವನಿ. "ದಿನಾ ಸ್ವಲ್ಪ ಸ್ವಲ್ಪ ಮಾತಾಡಿ. ಇದು ಉಳಿಯುತ್ತೆ. ಆದ್ರೆ ಕೂಗಿದ್ರೆ ಹೋಗುತ್ತೆ, ಈ ಸಲ ಪೂರ್ತಿ ಹೋಗುತ್ತೆ" ಎಂದರು.

ಮನೆಗೆ ಬರುವ ದಾರಿಯಲ್ಲಿ ಇವಳು ನನ್ನ ಕೈ ಹಿಡಿದುಕೊಂಡಿದ್ದಳು. ಏನಾದರೂ ಹೇಳಿ ಎನ್ನಲಿಲ್ಲ. ಹೇಳಬೇಕೆಂದು ಕೂಡಿಟ್ಟುಕೊಂಡಿದ್ದ ಮಾತು ಬೇಕಾದಷ್ಟಿತ್ತು, ಒಂದೂ ನೆನಪಾಗಲಿಲ್ಲ. ಅತ್ತೆಯ ಮುಂದೆ ನಿಂತು, "ಧ್ವನಿ ಬಂತು" ಎಂದೆ. ಅವರು ಸ್ಲೇಟು ಮುಂದಕ್ಕೆ ತಳ್ಳಿದರು.

ಮಾರ್ಚ್ 15, ಬುಧವಾರ

ಯಜಮಾನರನ್ನು ಕಂಡೆ. ಕೂಗುವ ಹಾಗಿಲ್ಲವೆಂದೆ. ಕೆಲಸ ಹೋಯಿತೆಂದೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವರು, "ಮೈಕಿಗೇ ಒಂದು ಮೈಕು ಕೊಡಿಸೋಣ ಬಿಡಪ್ಪ" ಎಂದರು. ವಾರದ ಅರ್ಧ ದಿನಗಳು ಗುಮಾಸ್ತೆ, ಉಳಿದರ್ಧ ನಾನು. ಸಂಬಳ ಸ್ವಲ್ಪ ಕಡಿಮೆ. ಒಪ್ಪಿದೆ. ಈ ಸಲ ಬಾಯಿಂದ ಒಪ್ಪಿದೆ, ತಲೆಯಾಡಿಸಲಿಲ್ಲ. ಕಾಲರಿಗೆ ಮೈಕು ಹೇಗೆ ಸಿಕ್ಕಿಸಿಕೊಳ್ಳಬೇಕೆಂದು ಗುಮಾಸ್ತೆಯೇ ತೋರಿಸಿಕೊಟ್ಟಳು. "ಹತ್ರ ಇಟ್ಕೊಂಡು ಮೆಲ್ಲಗೆ ಹೇಳಿ, ಮೈಕಣ್ಣ. ಜೋರಾಗಿ ಹೇಳಿದ್ರೆ ಅವರಿಗೆ ಅವಸರ ಅಂತ ಗೊತ್ತಾಗಿಬಿಡುತ್ತೆ."

ಮಾರ್ಚ್ 19, ಭಾನುವಾರ

ಇವಳು ಇದೇ ಮೊದಲ ಸಲ ಕೆರೆಗೆ ಬಂದಳು. ಅತ್ತೆ ಅವರ ಬೆಂಚಿನಲ್ಲಿ, ನಾವು ಸ್ವಲ್ಪ ಆಚೆ ಕಲ್ಲಿನ ಮೇಲೆ. ಬೆಳಕು ಬಹಳ ಚೆನ್ನಾಗಿತ್ತು. ಕ್ಯಾಮರಾ ತೊಡೆಯ ಮೇಲೆ ಸಿದ್ಧವಾಗಿತ್ತು.

ಅವಳು ನೀರು ನೋಡುತ್ತ ಕುಳಿತಿದ್ದಳು. ಆಮೇಲೆ, "ನಾನು ಈಜು ಕಲೀತಿದ್ದೀನಿ" ಎಂದಳು.

ಆಸ್ಪತ್ರೆಯ ಪಕ್ಕದ ಈಜುಕೊಳದಲ್ಲಂತೆ. ಗುರುವಾರ ಓವರ್‌ಟೈಮು ಇದೆ ಎನ್ನುತ್ತಿದ್ದಳಲ್ಲ, ಆ ಗುರುವಾರಗಳೆಲ್ಲ ಓವರ್‌ಟೈಮೇ ಅಲ್ಲವಂತೆ. "ನಿಮಗೆ ಹೇಳಿದ್ರೆ ಮಾರನೇ ದಿನ ಮಂಡಿಗೆಲ್ಲ ಗೊತ್ತಾಗ್ತಿತ್ತು. ಆಗ್ಲಿಲ್ಲ ಅಂತ ಬಿಟ್ಟುಬಿಡೋದಕ್ಕೂ ಆಗ್ತಿರ್ಲಿಲ್ಲ. ಅದಕ್ಕೇ ಹೇಳ್ಲಿಲ್ಲ."

ಜೊತೆಗೆ ಕಲಿಯುವವರೆಲ್ಲ ಶಾಲೆಯ ಮಕ್ಕಳಂತೆ, ಇವಳನ್ನು ಆಂಟಿ ಎಂದು ಕರೆದು ಧೈರ್ಯ ಹೇಳುತ್ತಾರಂತೆ. ಮೊದಲ ತಿಂಗಳು ಮೆಟ್ಟಿಲು ಬಿಟ್ಟು ಇಳಿಯಲೇ ಇಲ್ಲವಂತೆ. ಆಮೇಲೆ ಗೋಡೆಯ ಅಂಚು ಹಿಡಿದುಕೊಂಡು ಕಾಲು ಬಡಿಯುವುದು. ಹೋದ ಗುರುವಾರ ಕಲಿಸುವವರು ಅಂಚು ಬಿಡಿ ಎಂದರಂತೆ.

"ಕೈ ಬಿಟ್ಟೆ ನೋಡಿ" ಎಂದಳು.

ಆಗಲೇ ಅವಳ ಹಿಂದೆ, ಕೆರೆಯ ಮೇಲೆ, ಮೀನು ಹಿಡಿಯುವ ದೊಡ್ಡ ಗಿಡುಗ ಆಕಾಶದಿಂದ ಕಲ್ಲು ಬಿದ್ದ ಹಾಗೆ ಬಿತ್ತು. ನೀರು ಸಿಡಿಯಿತು. ರೆಕ್ಕೆ ಬಡಿದು ಎದ್ದಿತು, ಕಾಲಿನಲ್ಲಿ ಬೆಳ್ಳಿಯಂಥ ಮೀನು. ನಮ್ಮ ತಲೆಯ ಮೇಲೆಯೇ ಹಾದು ಹೋಯಿತು. ಮುನ್ನೂರಕ್ಕೆ ತಕ್ಕ ದೂರ.

"ಆಮೇಲೆ?" ಎಂದೆ.

"ಆಮೇಲೇನು, ಮುಳುಗ್ಲಿಲ್ಲ" ಎಂದಳು. ಭುಜ ಕುಣಿಯತೊಡಗಿತು. ಮುಳುಗದೆ ಹೇಗೆ ಅಂಗಾತ ತೇಲಿದಳು, ಕಿವಿ ನೀರೊಳಗೆ ಹೋದಾಗ ಲೋಕವೆಲ್ಲ ಹೇಗೆ ಸದ್ದಡಗಿತು, ಸೂರಿನ ಕಬ್ಬಿಣದ ತೊಲೆಗಳನ್ನು ನೋಡುತ್ತ ಹೇಗೆ ಅಳು ಬಂತು, ಮಕ್ಕಳು ಅದನ್ನು ಕೊಳದ ನೀರೆಂದುಕೊಂಡದ್ದು, ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಬಿಸಿಲು ಏರಿತ್ತು.

ಫಿರಂಗಿ ಓಡಿ ಬಂದರು. ಅವರಿಗೆ ಗಿಡುಗದ ಹೊಟ್ಟೆ ಮಾತ್ರ ಸಿಕ್ಕಿತ್ತಂತೆ, ತೀರಾ ಹತ್ತಿರ ಬಂದು ಆರುನೂರಿನಲ್ಲಿ ಹಿಡಿಸಲಿಲ್ಲವಂತೆ. "ನಿಮ್ಮ ತಲೆ ಮೇಲೇ ಹೋಯ್ತಲ್ರೀ, ತೆಗೆದ್ರಾ?"

"ಇಲ್ಲ. ಮಾತಾಡ್ತಿದ್ವಿ" ಎಂದೆ.

ಅವರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರು. "ನಿಮಗೆ ಮಾತು ಬರುತ್ತಾ?"

"ಬರುತ್ತೆ. ಆದ್ರೆ ಮಾತಾಡ್ತಿದ್ದಿದ್ದು ಇವಳು."

ಅಂಥ ಗಿಡುಗ ಮತ್ತೆ ಯಾವಾಗ ಬರುತ್ತದೋ ಗೊತ್ತಿಲ್ಲ. ಲೆನ್ಸಿನ ತಪ್ಪಂತೂ ಅಲ್ಲ. ಮನೆಗೆ ಬರುವಾಗ, ಗುರುವಾರ ನಾನೂ ಕೊಳಕ್ಕೆ ಬರಬಹುದೇ ಎಂದು ಇವಳನ್ನು ಕೇಳಿದೆ.

"ಬನ್ನಿ. ಆದ್ರೆ ಕ್ಯಾಮರಾ ತರೋ ಹಾಗಿಲ್ಲ" ಎಂದಳು. ನಾಲ್ಕು ಹೆಜ್ಜೆ ನಡೆದು, "ನಾನು ಆ ಕಡೆ ದಡ ಮುಟ್ಟಿದ್ರೆ ಮಾತ್ರ ಒಂದು ಸಾರಿ ಕೂಗಬಹುದು. ಮೆಲ್ಲಗೆ" ಎಂದಳು.